ಕ್ಲಿಪ್ ಹಾಕಿದ ಬಾಯಿ, ಗ್ಲೌಸ್ ಹಾಕಿದ ಕೈ

(ಬಳ್ಳಾರಿಯ ಬೇಸಿಗೆ ಶಿಬಿರವೊಂದರಲ್ಲಿ ಕರಾಟೆ, ಬಾಕ್ಸಿಂಗ್ ಕಲಿಯುವ ಮಕ್ಕಳು ಮತ್ತು ಅವರ ಪಾಲಕರ ಮುಂದೆ ಹಲ್ಲಿನ ವೈದ್ಯೆಯೊಬ್ಬರು ಆಡಿದ ಮಾತುಗಳ ಬರಹ ರೂಪ.)

ಈ ಮೌತ್ ಗಾರ್ಡ್ ನೋಡಿ, ಏಟು ಬಿದ್ದಾಗ ಹಲ್ಲು, ತುಟಿ ಕಾಯಲಿ ಅಂತ ಬಾಯೊಳಗೆ ಹಾಕಿಕೊಳ್ಳೋದು. ಹಿಂದೆ ಕೂತವರಿಗೆ ಕಾಣಲ್ಲ, ಕೈಯಿಂದ ಕೈಗೆ ದಾಟಿಸಿ. ಚೆನ್ನಾಗಿ ತೊಳೆದಿದ್ದೇನೆ, ಹೇಸಿಕೊಳ್ಳಬೇಡಿ. ಒಳಗಡೆ ಬೆರಳಾಡಿಸಿದರೆ ಮೂರು ಕಡೆ ಚುಚ್ಚುತ್ತದೆ. ಬೆಳಕಿಗೆ ಹಿಡಿದರೆ ಹೊಳೆಯುತ್ತದೆ ಕೂಡ. ಅವು ಹಲ್ಲು ಸಾಲಿಗೆ ತರಲು ಹಾಕುವ ಕ್ಲಿಪ್ಪಿನ ಬ್ರಾಕೆಟ್‌ಗಳು, ಅಂದರೆ ತಂತಿ ಹಿಡಿದಿಡಲು ಹಲ್ಲಿಗೆ ಅಂಟಿಸುವ ಸಣ್ಣ ಲೋಹದ ತುಂಡುಗಳು. ಒಬ್ಬ ಹುಡುಗನ ಹಲ್ಲಿನ ಮೇಲೆ ಇರಬೇಕಾದವು ಗಾರ್ಡಿನೊಳಗೆ ಹೂತು ಕೂತಿವೆ.

ತಮಾಷೆ ಏನು ಗೊತ್ತಾ? ಆ ಹುಡುಗನಿಗೆ ಯಾರೂ ಹೊಡೆದಿರಲಿಲ್ಲ. ಅವತ್ತು ಸ್ಪಾರಿಂಗೇ, ಅಂದರೆ ಎದುರಾಳಿ ಜೊತೆಗಿನ ಅಭ್ಯಾಸವೇ, ಇರಲಿಲ್ಲ. ಅವನ ಅಪ್ಪ ಆಟದ ಸಾಮಾನಿನ ಅಂಗಡಿಯಿಂದ ಬಿಸಿನೀರಿನಲ್ಲಿ ಅದ್ದಿ ಕಚ್ಚುವ ಗಾರ್ಡ್ ತಂದಿದ್ದರು. ಪ್ಯಾಕೆಟ್ ಮೇಲೆ ಬರೆದ ಹಾಗೆಯೇ ಮಾಡಿದ್ದಾರೆ ಪಾಪ. ಕುದಿಸಿದರು, ಬಾಯಿಗಿಟ್ಟರು, 'ಗಟ್ಟಿ ಕಚ್ಚಪ್ಪಾ' ಅಂದರು. ಮೆತ್ತಗಾದ ಪ್ಲಾಸ್ಟಿಕ್ ಬ್ರಾಕೆಟ್ಟಿನ ಸಂದಿಯಲ್ಲೆಲ್ಲ ಇಳಿದು, ತಣ್ಣಗಾಗಿ, ಅಲ್ಲೇ ಬಿಗಿದುಕೊಂಡಿತು. ತೆಗೆಯಲು ಜಗ್ಗಿದಾಗ ಬ್ರಾಕೆಟ್‌ಗಳೂ ಜೊತೆಗೇ ಬಂದವು. ನನ್ನ ಹತ್ತಿರ ಬಂದು ಅವರು ಕೇಳಿದ ಮೊದಲ ಮಾತು, 'ಮೇಡಂ, ಕ್ಲಿಪ್ ಹಾಕ್ಸಿದ್ ಮೇಲೆ ಬಾಕ್ಸಿಂಗ್ ಬಿಡಿಸ್ಬೇಕೇನ್ರೀ?'

ಬಿಡಿಸಬೇಕಿಲ್ಲ. ಅದನ್ನು ಹೇಳೋಕೇ ಇವತ್ತು ಬಂದಿದ್ದೇನೆ. ಆದರೆ ಕ್ಲಿಪ್ ಹಾಕಿದ ಬಾಯಿಗೂ ಹಾಕದ ಬಾಯಿಗೂ ಒಂದೇ ಲೆಕ್ಕ ಅಂದುಕೊಂಡರೆ ಮಾತ್ರ ಈ ಗಾರ್ಡಿನ ಕಥೆಯೇ ಆಗುತ್ತದೆ.

ಮೊದಲು ಕ್ಲಿಪ್ ಏನು ಮಾಡುತ್ತದೆ ಅಂತ ನೋಡೋಣ. ಹಲ್ಲು ಮೂಳೆಯೊಳಗೆ ಸಿಮೆಂಟ್ ಹಾಕಿ ನಿಲ್ಲಿಸಿದ ಕಂಬ ಅಲ್ಲ. ಬೇರಿನ ಸುತ್ತ ಸಣ್ಣ ಸಣ್ಣ ನಾರುಗಳಿರುತ್ತವೆ, ಹಲ್ಲು ಅವುಗಳಲ್ಲಿ ತೂಗಿಕೊಂಡಿರುತ್ತದೆ. ನಮ್ಮ ಕಡೆ ಎರೆಹೊಲದಲ್ಲಿ ಗೂಟ ನೆಟ್ಟವರಿಗೆ ಇದು ಬೇಗ ತಿಳಿಯುತ್ತದೆ. ಬೇಸಿಗೆಯಲ್ಲಿ ಆ ಗೂಟ ಅಲ್ಲಾಡಿಸೋಕೆ ಆಗಲ್ಲ. ಮಳೆ ಬಿದ್ದ ಮೇಲೆ ದಿನಾ ಒಂದೇ ಕಡೆ ಒತ್ತುತ್ತಾ ಬಂದರೆ ಮೆಲ್ಲಗೆ ವಾಲುತ್ತದೆ. ಕ್ಲಿಪ್ಪಿನ ತಂತಿ ಮಾಡುವ ಕೆಲಸವೂ ಅಂಥದ್ದೇ. ತಂತಿ ಒತ್ತಿದ ಕಡೆ ಮೂಳೆ ಕರಗುತ್ತದೆ, ಬಿಟ್ಟುಬಂದ ಕಡೆ ಹೊಸ ಮೂಳೆ ತುಂಬುತ್ತದೆ. ತಿಂಗಳಿಗೆ ಹೆಚ್ಚುಕಡಿಮೆ ಒಂದು ಮಿಲಿಮೀಟರ್ ಸರಿಯುತ್ತದೆ. ಅದಕ್ಕೇ ಒಂದೂವರೆ ವರ್ಷ, ಎರಡು ವರ್ಷ ಹಿಡಿಯೋದು.

ಅಂದರೆ ಅಷ್ಟೂ ದಿನ ಹಲ್ಲು ಹಸಿ ಮಣ್ಣಿನ ಗೂಟದ ಹಾಗೆ ಸ್ವಲ್ಪ ಸಡಿಲ. ಇದು ರೋಗ ಅಲ್ಲ, ಚಿಕಿತ್ಸೆ ನಡೆಯೋದೇ ಹೀಗೆ. ಇನ್ನೊಂದು, ಜನವರಿಯಲ್ಲಿದ್ದ ಬಾಯಿ ಏಪ್ರಿಲ್‌ನಲ್ಲಿ ಇರಲ್ಲ. ಜನವರಿಯಲ್ಲಿ ಅಚ್ಚುಕಟ್ಟಾಗಿ ಕೂತ ಗಾರ್ಡ್ ಏಪ್ರಿಲ್‌ನಲ್ಲಿ ಕೂರಬಾರದು. ಕೂತರೆ, ಒಂದೋ ನನ್ನ ಕ್ಲಿಪ್ ಕೆಲಸ ಮಾಡ್ತಿಲ್ಲ, ಇಲ್ಲಾ ಗಾರ್ಡ್ ಹಲ್ಲನ್ನು ವಾಪಸ್ ಹಳೇ ಜಾಗಕ್ಕೆ ತಳ್ಳುತ್ತಿದೆ.

ಇನ್ನು ಏಟಿನ ವಿಷಯ. ಕ್ಲಿಪ್ ಹಾಕಿದವರಿಗೆ ಪಂಚ್ ಬಿದ್ದರೆ ಮೊದಲು ಕೊಯ್ಯೋದು ತುಟಿ. ಗ್ಲೌಸ್ ಹೊರಗಿನಿಂದ ಒತ್ತುತ್ತದೆ, ಒಳಗೆ ಬ್ರಾಕೆಟ್ ಕಾಯುತ್ತಿರುತ್ತದೆ, ನಡುವೆ ಸಿಕ್ಕ ತುಟಿಯ ಪಾಡು ತುರಿಮಣೆ ಮೇಲೆ ಬೆರಳಿಟ್ಟ ಹಾಗೆ. ಗಟ್ಟಿ ಪಂಚೇ ಆಗಬೇಕಂತಿಲ್ಲ. ಕರಾಟೆಯಲ್ಲಿ ಹಗುರವಾಗಿ ತಾಗಿದ ಕೈ ಸಾಕು, ಕುಸ್ತಿಯಲ್ಲಿ ಎದುರಾಳಿಯ ತಲೆ ಸಾಕು, ಜೂಡೋದಲ್ಲಿ ಮ್ಯಾಟಿಗೆ ಮುಖ ಉಜ್ಜಿದರೆ ಸಾಕು. 'ನಮ್ಮದು ಹೊಡೆದಾಟದ ಆಟ ಅಲ್ಲ, ಹಿಡಿದಾಟದ್ದು' ಅಂತ ಗಾರ್ಡ್ ಬೇಡ ಅನ್ನುವ ಪೈಲ್ವಾನರಿದ್ದಾರೆ. ನನ್ನ ಹತ್ತಿರ ತುಟಿ ಹರಿದುಕೊಂಡು ಬಂದವರಲ್ಲಿ ಹಿಡಿದಾಟದವರು ಕಡಿಮೆಯೇನಿಲ್ಲ ಅಂತ ಅವರಿಗೆ ಹೇಳುತ್ತೇನೆ.

ಇಲ್ಲಿ ಒಂದು ಹಳೇ ಕಥೆ ಹೇಳಿಬಿಡುತ್ತೇನೆ, ಮಕ್ಕಳಿಗೆ ಇಷ್ಟ ಆಗುತ್ತದೆ. 1890ರ ಹೊತ್ತಿಗೆ ಲಂಡನ್‌ನಲ್ಲಿ ವುಲ್ಫ್ ಕ್ರೌಸ್ ಅಂತ ಒಬ್ಬ ಹಲ್ಲಿನ ಡಾಕ್ಟರ್ ಇದ್ದ. ಬಾಕ್ಸರ್‌ಗಳ ತುಟಿ ಹರಿಯೋದು ನೋಡಿ ನೋಡಿ ಸಾಕಾಗಿ, ಗಟ್ಟಾ ಪರ್ಚಾ ಅನ್ನುವ ಮರದ ಹಾಲಿನಿಂದ ಮಾಡಿದ ಪಟ್ಟಿಗಳನ್ನು ಅವರ ಮೇಲಿನ ಹಲ್ಲಿಗೆ ಕೂರಿಸಿ ರಿಂಗಿಗೆ ಕಳಿಸುತ್ತಿದ್ದ. ಮೌತ್ ಗಾರ್ಡ್ ಹುಟ್ಟಿದ್ದು ಹಲ್ಲಿಗಿಂತ ಮೊದಲು ತುಟಿ ಉಳಿಸೋಕೆ. ಆ ಗಟ್ಟಾ ಪರ್ಚಾ ಈಗಲೂ ನಮ್ಮ ಕೈಯಲ್ಲಿದೆ, ಬೇರೆ ಕೆಲಸಕ್ಕೆ. ನಿಮ್ಮಲ್ಲಿ ಯಾರಾದರೂ ರೂಟ್ ಕೆನಾಲ್ ಮಾಡಿಸಿಕೊಂಡಿದ್ದರೆ ಆ ಹಲ್ಲಿನ ಬೇರಿನೊಳಗೆ ಬಹುಶಃ ತುಂಬಿರೋದು ಅದೇ. ಆಮೇಲೆ 1927ರಲ್ಲಿ ಅಮೆರಿಕದಲ್ಲಿ ಮೈಕ್ ಮ್ಯಾಕ್‌ಟೀಗ್ ಅನ್ನುವ ಬಾಕ್ಸರ್, ಜ್ಯಾಕ್ ಶಾರ್ಕಿ ಎದುರು ಚೆನ್ನಾಗಿ ಆಡುತ್ತಿದ್ದವನು, ತನ್ನದೇ ಮುರಿದ ಹಲ್ಲು ತುಟಿ ಸೀಳಿದ್ದಕ್ಕೆ ಪಂದ್ಯ ಬಿಟ್ಟುಕೊಡಬೇಕಾಯಿತು. ಒಂದೇ ಒಂದು ಮುರಿದ ಹಲ್ಲು. ನಿಮ್ಮ ಬಾಯಲ್ಲಿ ಮೇಲೆ ಹತ್ತು, ಕೆಳಗೆ ಹತ್ತು ಕಬ್ಬಿಣದ ಮೂಲೆಗಳಿವೆ, ಲೆಕ್ಕ ಹಾಕಿ.

ಸರಿ, ಹಾಗಾದರೆ ಯಾವ ಗಾರ್ಡ್?

ಅಂಗಡಿಯಲ್ಲಿ ಸಿಗುವ, ಎಲ್ಲರಿಗೂ ಒಂದೇ ಅಳತೆಯ ಗಾರ್ಡ್ ಬೇಡ. ಹಲ್ಲು ಕಚ್ಚಿ ಹಿಡಿದರಷ್ಟೇ ನಿಲ್ಲುತ್ತದೆ. ಏಟು ಬಿದ್ದಾಗ ಬಾಯಿ ತೆರೆಯುತ್ತದೆ, ಗಾರ್ಡ್ ಹೊರಗೆ. ಬಿಸಿನೀರಿನದ್ದರ ಕಥೆ ಈಗಾಗಲೇ ನಿಮ್ಮ ಕೈಯಲ್ಲಿ ಸುತ್ತುತ್ತಿದೆ. ಉಳಿದದ್ದು ಎರಡು.

ಮೊದಲನೆಯದು ಕ್ಲಿಪ್ ಹಾಕಿದವರಿಗೆಂದೇ ಬರುವ ಸಿಲಿಕೋನ್ ಗಾರ್ಡ್. ಕುದಿಸೋದಿಲ್ಲ, ಕಚ್ಚೋದಿಲ್ಲ, ಹಾಗೇ ಹಾಕಿಕೊಳ್ಳೋದು. ಒಳಗಡೆ ಬ್ರಾಕೆಟ್ ಕೂರಲು ಒಂದು ಕಾಲುವೆ ಬಿಟ್ಟಿರುತ್ತಾರೆ. ಹಲ್ಲು ಆ ಕಾಲುವೆಯಲ್ಲಿ ಅತ್ತಿತ್ತ ಸರಿಯಬಹುದು. ಇದರಲ್ಲೇ ಮೇಲಿನ ಸಾಲು, ಕೆಳಗಿನ ಸಾಲು ಎರಡನ್ನೂ ಮುಚ್ಚುವ ಜೋಡಿ ಗಾರ್ಡ್ ಬರುತ್ತದೆ. ಕೆಳಗೂ ಕ್ಲಿಪ್ ಇದ್ದರೆ ಅದೇ ಒಳ್ಳೆಯದು, ಯಾಕೆಂದರೆ ಕೆಳತುಟಿಗೂ ಒಳಗೆ ಅದೇ ತುರಿಮಣೆ ಇರುತ್ತದೆ. ಕೊಳ್ಳುವಾಗ ಪ್ಯಾಕೆಟ್ ಮೇಲೆ 'ಬ್ರೇಸಸ್' ಅಂತ ಬರೆದಿದೆಯಾ ನೋಡಿ, ಕ್ಲಿಪ್ಪಿಗೆ ಇಂಗ್ಲಿಷ್ ಹೆಸರು ಅದು. ಅಂಗಡಿಯವರು 'ಎಲ್ಲಾ ಒಂದೇರೀ' ಅಂದರೆ ಸುಮ್ನೆ ಎದ್ದು ಬನ್ನಿ.

ಎರಡನೆಯದು ನಮ್ಮಂಥವರು ಅಳತೆ ತೆಗೆದು ಮಾಡಿಕೊಡುವುದು. ಬಾಯಿಯ ಅಚ್ಚು ತೆಗೆದು, ಪ್ಲಾಸ್ಟರ್‌ನಲ್ಲಿ ಹಲ್ಲಿನ ಸಾಲು ಎರಕ ಹೊಯ್ದು, ಆ ಸಾಲಿನ ಮೇಲೆ ಬ್ರಾಕೆಟ್ ಇರುವ ಕಡೆಯೆಲ್ಲ ಮೇಣ ತುಂಬಿ ದಪ್ಪ ಮಾಡುತ್ತೇವೆ. ಆಮೇಲೆ 4 ಮಿಲಿಮೀಟರ್ ದಪ್ಪದ ಹಾಳೆಯನ್ನು ಕಾಯಿಸಿ ಯಂತ್ರದಲ್ಲಿ ಎಳೆದು ಕೂರಿಸುತ್ತೇವೆ. ಆ ಮೇಣದ ಜಾಗವೇ ಮುಂದೆ ಹಲ್ಲು ಓಡಾಡುವ ಜಾಗ.

ಇದರಲ್ಲಿ ನಾನೇ ಒಂದು ತಪ್ಪು ಮಾಡಿದ್ದೇನೆ, ಹೇಳಿಬಿಡುತ್ತೇನೆ. ಪ್ರಾಕ್ಟೀಸ್ ಶುರು ಮಾಡಿದ ಹೊಸತರಲ್ಲಿ ಟೇಕ್ವಾಂಡೋ ಆಡುವ ಒಬ್ಬ ಹುಡುಗಿಗೆ ಗಾರ್ಡ್ ಮಾಡಿಕೊಟ್ಟೆ. ಎಷ್ಟು ಚಂದ ಕೂತಿತ್ತು ಅಂದರೆ ನನಗೇ ಹೆಮ್ಮೆ. ಮೇಣ ತೀರಾ ಕಡಿಮೆ ಹಾಕಿದ್ದೆ, ಬಿಗಿಯಾಗಿ ಇರಲಿ ಅಂತ. ಆರು ವಾರಕ್ಕೆ ಅವಳ ಅಮ್ಮ ಫೋನ್ ಮಾಡಿದರು, 'ಗಾರ್ಡ್ ಹಾಕ್ಕೊಂಡ್ರೆ ಅಳ್ತಾಳ್ರೀ ಮೇಡಂ, ಹಾಕದೇ ಆಡ್ತಿದಾಳೆ'. ನೋಡಿದರೆ ಮುಂದಿನ ಹಲ್ಲು ಸರಿದಿದೆ, ಗಾರ್ಡ್ ಅದನ್ನು ದಿನಾ ಎರಡು ಗಂಟೆ ಹಿಂದಕ್ಕೆ ಒತ್ತುತ್ತಿದೆ. ಹುಡುಗಿಗೆ ನೋವು, ನನ್ನ ತಂತಿಗೆ ವ್ಯರ್ಥ ಕೆಲಸ, ಅದಕ್ಕಿಂತ ಕೆಟ್ಟದ್ದು ಅಂದರೆ ಆ ಮಗು ಗಾರ್ಡ್ ಇಲ್ಲದೇ ಅಖಾಡಕ್ಕೆ ಇಳಿದಿದೆ. ಅವತ್ತಿನಿಂದ ಸ್ವಲ್ಪ ಸಡಿಲ ಇದ್ದರೂ ಪರವಾಗಿಲ್ಲ, ಹಾಕಿಕೊಳ್ಳುವ ಹಾಗಿರಬೇಕು ಅನ್ನುವುದು ನನ್ನ ಲೆಕ್ಕ. ತಂತಿ ಬದಲಿಸಲು ಬರುವಾಗ ಪ್ರತಿ ಸಲ ಗಾರ್ಡೂ ಜೊತೆಗೆ ಬರಬೇಕು. ಐದು ನಿಮಿಷದ ಕೆಲಸ. ನೆನಪಿಲ್ಲದೆ ಬಂದವರನ್ನು ವಾಪಸ್ ಕಳಿಸಿದ್ದೂ ಇದೆ, ಮನೆ ಹತ್ತಿರ ಇದ್ದರೆ.

ಗಾರ್ಡ್ ಸರಿಯಿದೆಯಾ ಅಂತ ಮನೆಯಲ್ಲೇ ನೋಡಿಕೊಳ್ಳಬಹುದು. ಹಾಕಿಕೊಂಡು ಬಾಯಿ ತೆರೆಯಿರಿ. ಮೇಲಿನದು ಬಿದ್ದರೆ ಅದು ಗಾರ್ಡ್ ಅಲ್ಲ. ಮಾತಾಡಿ. ಮಾಸ್ಟರ್‌ಗೆ 'ನಿಲ್ಸಿ ಸರ್' ಅಂದರೆ ಕೇಳಿಸಬೇಕು. ಎರಡು ನಿಮಿಷ ಹಗ್ಗ ಜಿಗಿಯಿರಿ, ಉಸಿರು ಕಟ್ಟಬಾರದು.

ಕ್ಲಿಪ್ ಬದಲು ಪಾರದರ್ಶಕ ಅಲೈನರ್ ಹಾಕಿಕೊಂಡವರು ಇದ್ದೀರಾ? ಒಬ್ಬರು, ಸರಿ. ಅದು ತೆಳು ಪ್ಲಾಸ್ಟಿಕ್, ಏಟು ತಡೆಯಲ್ಲ. ಸ್ಪಾರಿಂಗ್‌ಗೆ ಮುಂಚೆ ತೆಗೆದು ಡಬ್ಬಿಗೆ ಹಾಕಿ, ಗಾರ್ಡ್ ಹಾಕಿ. ಮುಗಿದ ಮೇಲೆ ಬಾಯಿ ತೊಳೆದು ವಾಪಸ್. ಕ್ಲಿಪ್ ತೆಗೆದ ಮೇಲೆ ಹಲ್ಲು ವಾಪಸ್ ಸರಿಯದಿರಲಿ ಅಂತ ಕೊಡುವ, ತೆಗೆದು ಹಾಕಬಹುದಾದ ರಿಟೇನರ್‌ಗೂ ಇದೇ ಮಾತು. ಮೇಲಿನ ಸಾಲಿಂದ ಕೆಳಗಿನ ಸಾಲಿಗೆ ಹಾಕುವ ಸಣ್ಣ ರಬ್ಬರ್‌ಗಳನ್ನೂ ಅಭ್ಯಾಸದ ಹೊತ್ತಿಗೆ ತೆಗೆದಿಡಿ. ಹಲ್ಲಿನ ಚಿಕಿತ್ಸೆಗೆ ಕೊಡುವ, ಮುಖದ ಹೊರಗೆ ಕಂಬಿ ಬರುವ ಹೆಡ್‌ಗಿಯರ್ ಇದ್ದರಂತೂ ಅದನ್ನು ಹಾಕಿಕೊಂಡು ಕ್ರಿಕೆಟ್ಟೂ ಆಡಬೇಡಿ. ಅದು ಕಣ್ಣಿಗೆ ಹೋದ ಉದಾಹರಣೆಗಳಿವೆ.

ಪಂದ್ಯಕ್ಕೆ ಹೋಗುವವರಿಗೆ ನಿಯಮದ ವಿಷಯ. ವಿಶ್ವ ಕರಾಟೆ ಫೆಡರೇಶನ್ ನಿಯಮದಲ್ಲಿ ಗಮ್ ಶೀಲ್ಡ್, ಅಂದರೆ ಇದೇ ಮೌತ್ ಗಾರ್ಡ್, ಕಡ್ಡಾಯ. ಅಷ್ಟೇ ಅಲ್ಲ, ಲೋಹದ ಕ್ಲಿಪ್ ಇದ್ದರೆ ರೆಫರಿ ಮತ್ತು ಅಲ್ಲಿನ ಡಾಕ್ಟರ್ ಒಪ್ಪಬೇಕು, ಗಾಯ ಆದರೆ ಹೊಣೆ ಆಟಗಾರರದ್ದೇ ಅಂತ ಬರೆದಿದೆ. ಬೆಳಗ್ಗೆ ಆರಕ್ಕೆ ರಾಯಚೂರಿಗೋ ಹುಬ್ಬಳ್ಳಿಗೋ ಬಸ್ ಹತ್ತಿ ಹೋಗಿ, ಅಲ್ಲಿ 'ಕ್ಲಿಪ್ ಇದೆ, ಆಡಿಸಲ್ಲ' ಅನ್ನಿಸಿಕೊಂಡು ಬರಬೇಡಿ. ಮುಂಚೆಯೇ ಕೇಳಿ, ನಮ್ಮಿಂದ ಒಂದು ಪತ್ರ ಬರೆಸಿಕೊಂಡು ಹೋಗಿ. ಟೇಕ್ವಾಂಡೋದಲ್ಲಿ ಗಾರ್ಡ್ ಬಿಳಿ ಇರಬೇಕು, ಇಲ್ಲಾ ಪಾರದರ್ಶಕ. ಬಾಕ್ಸಿಂಗ್‌ನಲ್ಲಿ ಕೆಂಪು ಇರಬಾರದು, ಕೆಂಪು ಪಟ್ಟೆಯೂ ಇರಬಾರದು. ರಕ್ತ ಬಂದರೆ ಕಾಣಬೇಕಲ್ವಾ? ಮಕ್ಕಳು ಆಸೆಪಟ್ಟು ಕೆಂಪು ಹಲ್ಲಿನ ರಾಕ್ಷಸನ ಗಾರ್ಡ್ ಆರ್ಡರ್ ಮಾಡಿರುತ್ತಾರೆ. ದುಡ್ಡು ದಂಡ.

ನಮ್ಮ ಜಿಲ್ಲೆಯಲ್ಲೇ ತೋರಣಗಲ್ಲು ಹತ್ತಿರ 2018ರಲ್ಲಿ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ಶುರುವಾಯಿತು. ಬಾಕ್ಸಿಂಗ್, ಕುಸ್ತಿ, ಜೂಡೋ ಮೂರೂ ಕಲಿಸುತ್ತಾರೆ. ಹಾಸ್ಟೆಲ್‌ಗಳಲ್ಲಿ ಹೆಣ್ಣುಮಕ್ಕಳಿಗೆ ಓಬವ್ವನ ಹೆಸರಿನಲ್ಲಿ ಆತ್ಮರಕ್ಷಣೆ ತರಬೇತಿ ಬಂದಿದೆ. ಮೊದಲೆಲ್ಲ ಇಲ್ಲಿ ಹೊಡೆದಾಟದ ಆಟ ಅಂದರೆ ಗರಡಿಮನೆ, ಅಲ್ಲಿಗೆ ಹೋಗೋರು ಗಂಡುಮಕ್ಕಳು, ಕ್ಲಿಪ್ ಅಂದರೆ ಮದುವೆಗೆ ಬಂದ ಹೆಣ್ಣುಮಕ್ಕಳು. ಎರಡೂ ಬೇರೆ ಬೇರೆ ಲೋಕ. ಈಗ ಹದಿಮೂರು ವರ್ಷದ ಹುಡುಗಿ ಬೆಳಗ್ಗೆ ನನ್ನ ಹತ್ತಿರ ತಂತಿ ಬಿಗಿಸಿಕೊಂಡು ಸಂಜೆ ಕುಮಿತೆಗೆ, ಅಂದರೆ ಕರಾಟೆಯ ಎದುರುಬದುರು ಹೊಡೆದಾಟಕ್ಕೆ, ಹೋಗುತ್ತಾಳೆ. ನನಗೆ ಖುಷಿಯೇ. ಆದರೆ ಅದೇ ಸಂಜೆ ಬೇಡ ಅನ್ನುತ್ತೇನೆ.

ತಂತಿ ಬಿಗಿಸಿದ ಮೇಲೆ ಎರಡು ಮೂರು ದಿನ ಹಲ್ಲು ನೋಯುತ್ತದೆ. ಆ ದಿನ ಎದುರಾಳಿ ಬೇಡ. ಎದುರಾಳಿ ಇಲ್ಲದೆ ಒಬ್ಬರೇ ಮಾಡುವ ಕಟಾ ಮಾಡಿ, ಬ್ಯಾಗಿಗೆ ಹೊಡೆಯಿರಿ, ಕಾಲಿನ ಚಲನೆ ಅಭ್ಯಾಸ ಮಾಡಿ, ಬಸ್ಕಿ ಹೊಡೆಯಿರಿ. ಬ್ರಾಕೆಟ್ ಬಿಟ್ಟು ತಂತಿಯಲ್ಲಿ ನೇತಾಡುತ್ತಿದ್ದರೆ, ತಂತಿಯ ತುದಿ ಕೆನ್ನೆಗೆ ಚುಚ್ಚುತ್ತಿದ್ದರೆ ಅವತ್ತೂ ಬೇಡ. ಮೇಣ ಹಚ್ಚಿಕೊಂಡು ಆಡುತ್ತೇನೆ ಅನ್ನುತ್ತಾರೆ ಮಕ್ಕಳು. ಮೇಣ ಉಜ್ಜುವಿಕೆಗೆ, ಏಟಿಗೆ ಅಲ್ಲ.

ಮಾಸ್ಟರ್‌ಗಳಿಗೆ ಒಂದು ಮಾತು. ಯಾವ ಮಕ್ಕಳಿಗೆ ಕ್ಲಿಪ್ ಇದೆ ಅಂತ ನಿಮಗೆ ಗೊತ್ತಿರಬೇಕು. ಮಕ್ಕಳು ಹೇಳಲ್ಲ, ಹೇಳಿದರೆ ಸ್ಪಾರಿಂಗ್‌ನಿಂದ ಹೊರಗೆ ಕೂರಿಸುತ್ತಾರೆ ಅನ್ನುವ ಭಯ. ಆ ಭಯ ಹೋಗಿಸೋದು ನಿಮ್ಮ ಕೈಯಲ್ಲಿದೆ.

ಈಗ ಸ್ವಲ್ಪ ವಿಷಯ ಬಿಟ್ಟು ಆಚೆ ಹೋಗುತ್ತೇನೆ, ಆದರೆ ಹೇಳಲೇಬೇಕು. ನನ್ನ ಕ್ಲಿನಿಕ್ಕಿಗೆ ಬ್ರಾಕೆಟ್ ಕಿತ್ತುಕೊಂಡು ಬರುವವರಲ್ಲಿ ಪಂಚ್ ತಿಂದವರಿಗಿಂತ ಕಡಕ್ ರೊಟ್ಟಿ ತಿಂದವರು ಜಾಸ್ತಿ. ನಗಬೇಡಿ, ನಿಜ. ಸಜ್ಜೆ ರೊಟ್ಟಿ ಕಟುಂ ಅಂತ ಕಡಿದರೆ ಬ್ರಾಕೆಟ್ ಹೋಯಿತು. ಶೇಂಗಾ ಚಿಕ್ಕಿ, ಕಬ್ಬು ಎಲ್ಲ ಅಷ್ಟೇ. ಬಿಸಿ ರೊಟ್ಟಿ ತಿನ್ನಿ, ಕಡಕ್ ಬೇಕೇ ಬೇಕು ಅಂದರೆ ಪಲ್ಯದ ರಸದಲ್ಲಿ ನೆನೆಸಿ ತಿನ್ನಿ. ಒಗ್ಗರಣೆ-ಮಿರ್ಚಿ ತಿನ್ನಬಹುದು, ಮಂಡಕ್ಕಿ ತಂತಿಯಲ್ಲಿ ಸಿಕ್ಕಿಕೊಳ್ಳುತ್ತದೆ ಅಷ್ಟೇ, ತೊಳೆದುಕೊಂಡು ಬನ್ನಿ. ಇದನ್ನು ಯಾಕೆ ಹೇಳಿದೆ ಅಂದರೆ, ಮಧ್ಯಾಹ್ನ ರೊಟ್ಟಿಯಲ್ಲಿ ಅರ್ಧ ಬಿಟ್ಟ ಬ್ರಾಕೆಟ್ ಸಂಜೆ ರಿಂಗಿನಲ್ಲಿ ಪೂರ್ತಿ ಬಿಡುತ್ತದೆ. ಗಂಟಲಿಗೆ ಹೋಗುತ್ತದೆ. ಗಾರ್ಡ್ ಹಾಕುವ ಮುಂಚೆ ಕನ್ನಡಿ ಮುಂದೆ ನಿಂತು ಒಂದೊಂದೇ ಬ್ರಾಕೆಟ್ ಬೆರಳಿನಿಂದ ಮುಟ್ಟಿ ನೋಡಿ. ಅರ್ಧ ನಿಮಿಷ ಸಾಕು.

ಇನ್ನೊಂದು ನಮ್ಮ ಕಡೆಯದೇ ತಾಪತ್ರಯ. ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ ಇರುವ ಹಳ್ಳಿಗಳಿವೆ. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ, ದಾಟಿದ ಊರುಗಳ ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ ನೀವೇ ನೋಡಿರುತ್ತೀರಿ. ಬ್ರಾಕೆಟ್ ಅಂಟಿಸುವ ಮುಂಚೆ ನಾವು ಹಲ್ಲಿನ ಮೇಲ್ಮೈಯನ್ನು ಆಸಿಡ್ ಹಚ್ಚಿ ಸ್ವಲ್ಪ ಒರಟು ಮಾಡುತ್ತೇವೆ. ಫ್ಲೋರೈಡ್ ತಿಂದ ಹಲ್ಲು ಆ ಆಸಿಡ್‌ಗೆ ಸುಲಭವಾಗಿ ಬಗ್ಗಲ್ಲ, ಅಂಟು ಸರಿಯಾಗಿ ಹಿಡಿಯಲ್ಲ. ಅಂಥ ಮಕ್ಕಳ ಬ್ರಾಕೆಟ್ ಬೇಗ ಬೇಗ ಬಿಡುತ್ತವೆ. ಡಾಕ್ಟರ್ ಕೆಲಸ ಕೆಟ್ಟದ್ದು ಅಂತ ಬೈಯಬೇಡಿ, ಕೆಲವೊಮ್ಮೆ ನೀರಿನ ಕೆಲಸ. ಆ ಮಕ್ಕಳು ಗಾರ್ಡ್ ವಿಷಯದಲ್ಲಿ ಇನ್ನೂ ಹುಷಾರಾಗಿರಬೇಕು.

ಗಾರ್ಡ್ ಇಡೋದು ಹೇಗೆ? ಆಟ ಆದ ಕೂಡಲೇ ತಣ್ಣೀರು, ಹಳೇ ಬ್ರಷ್ಷು, ಸ್ವಲ್ಪ ಸೋಪು. ತೂತು ಇರುವ ಡಬ್ಬಿಯಲ್ಲಿ ಒಣಗಿಸಿ. ಬೈಕಿನ ಡಿಕ್ಕಿಯಲ್ಲಿ ಬಿಡಬೇಡಿ. ಏಪ್ರಿಲ್, ಮೇ ತಿಂಗಳ ಬಳ್ಳಾರಿ ಬಿಸಿಲಿಗೆ ಡಿಕ್ಕಿಯೊಳಗೆ ಅಳತೆ ಮಾಡಿಸಿದ ಗಾರ್ಡ್ ಆಕಾರ ಕೆಟ್ಟು ಹಪ್ಪಳದ ಹಾಗೆ ಸೊಟ್ಟ ಆಗಿರುತ್ತದೆ. ಗಾರ್ಡ್ ಹಾಕಿಕೊಂಡೇ ಶರಬತ್ತು, ಗೋಲಿ ಸೋಡಾ, ಕಬ್ಬಿನ ಹಾಲು ಕುಡಿಯೋದೂ ಬೇಡ. ಸಕ್ಕರೆ ನೀರು ಗಾರ್ಡಿನೊಳಗೆ ನಿಂತು ಗಂಟೆಗಟ್ಟಲೆ ಹಲ್ಲು ನೆನೆಯುತ್ತದೆ. ಕ್ಲಿಪ್ ತೆಗೆದ ದಿನ ಬ್ರಾಕೆಟ್ ಇದ್ದ ಜಾಗದ ಸುತ್ತ ಸುಣ್ಣದಂಥ ಬಿಳಿ ಚೌಕಗಳು ಕಂಡರೆ ಅದು ಇದರ ಫಲ. ಬರೀ ನೀರು ಕುಡಿಯಿರಿ.

ಏಟು ಬಿದ್ದೇ ಬಿಟ್ಟಿತು ಅಂದುಕೊಳ್ಳಿ. ಏನು ಮಾಡೋದು?

ತುಟಿಯಲ್ಲಿ ರಕ್ತ ಬಂದರೆ ಶುಭ್ರವಾದ ಬಟ್ಟೆ ಒತ್ತಿ ಹತ್ತು ನಿಮಿಷ ಹಿಡಿಯಿರಿ. ನಡುನಡುವೆ ತೆಗೆದು 'ನಿಂತಿತಾ' ಅಂತ ನೋಡಬೇಡಿ. ಹೊರಗಿನಿಂದ ಐಸ್. ತುಟಿ ಬ್ರಾಕೆಟ್ಟಿಗೆ ಸಿಕ್ಕಿಕೊಂಡಿದ್ದರೆ ಜಗ್ಗಬೇಡಿ, ಹಾಗೇ ಕರೆದುಕೊಂಡು ಬನ್ನಿ. ಆಮೇಲೆ ಬ್ರಾಕೆಟ್ ಎಣಿಸಿ. ಒಂದು ಕಾಣಿಸುತ್ತಿಲ್ಲ ಅಂದರೆ ಮ್ಯಾಟ್ ಮೇಲೆ ಹುಡುಕಿ, ಗಾರ್ಡಿನೊಳಗೆ ಹುಡುಕಿ. ಸಿಗದಿದ್ದರೆ ತುಟಿಯೊಳಗೇ ಹೂತಿರಬಹುದು, ನುಂಗಿರಬಹುದು. ನುಂಗಿದರೆ ಸಾಮಾನ್ಯವಾಗಿ ಹೊರಗೆ ಹೋಗುತ್ತದೆ. ಆದರೆ ಮಗು ಬಿಡದೆ ಕೆಮ್ಮುತ್ತಿದ್ದರೆ, ಉಸಿರಾಟದಲ್ಲಿ ಸೀಟಿ ಹೊಡೆದ ಹಾಗೆ ಸದ್ದು ಬಂದರೆ ನನ್ನ ಹತ್ತಿರ ಅಲ್ಲ, ನೇರ ಆಸ್ಪತ್ರೆಗೆ ಹೋಗಿ, ಎಕ್ಸ್‌ರೇ ತೆಗೆಯಬೇಕಾಗುತ್ತದೆ.

ಹಲ್ಲು ಅಲ್ಲಾಡುತ್ತಿದ್ದರೆ, ಜಾಗ ತಪ್ಪಿದ್ದರೆ ತಂತಿ ಕತ್ತರಿಸಬೇಡಿ. ಎಷ್ಟೋ ಸಲ ಆ ತಂತಿಯೇ ಹಲ್ಲನ್ನು ಹಿಡಿದಿಟ್ಟಿರುತ್ತದೆ. ಹಲ್ಲು ಪೂರ್ತಿ ಹೊರಗೆ ಬಂದಿದ್ದರೆ ಬಿಳಿ ಭಾಗ ಹಿಡಿದು ಎತ್ತಿ, ಬೇರು ಮುಟ್ಟಬೇಡಿ, ಉಜ್ಜಬೇಡಿ. ಮಣ್ಣು ಹತ್ತಿದ್ದರೆ ಹಾಲಿನಲ್ಲಿ ಒಂದು ಸಲ ಜಾಲಿಸಿ. ಆಗುವುದಾದರೆ ಅದೇ ಗೂಡಿಗೆ ಮೆಲ್ಲಗೆ ಕೂರಿಸಿ, ಬಟ್ಟೆ ಕಚ್ಚಿಸಿ ಕರೆದುಕೊಂಡು ಬನ್ನಿ. ಆಗದಿದ್ದರೆ ಹಾಲಿನಲ್ಲಿ ಹಾಕಿ ತನ್ನಿ. ಟೀ ಅಂಗಡಿಯಲ್ಲಿ ನಂದಿನಿ ಪ್ಯಾಕೆಟ್ ಸಿಗುತ್ತದೆ, ತಣ್ಣಗಿನದು ತಗೊಳ್ಳಿ, ಕಾಯಿಸಿದ ಬಿಸಿ ಹಾಲು ಬೇಡ. ಬರೀ ನಲ್ಲಿ ನೀರಿನಲ್ಲಿ ಇಡಬೇಡಿ, ಕರ್ಚೀಫಿನಲ್ಲಿ ಸುತ್ತಿ ಜೇಬಿಗೆ ಹಾಕಬೇಡಿ. ಅರ್ಧ ಗಂಟೆಯೊಳಗೆ ಬಂದರೆ ಬಹಳ ಒಳ್ಳೆಯದು, ಒಂದು ಗಂಟೆ ದಾಟಿದಷ್ಟೂ ಕಷ್ಟ. ಸಿರುಗುಪ್ಪದಿಂದ ಬಳ್ಳಾರಿಗೆ ಬರೋಕೇ ಒಂದು ಗಂಟೆ ಬೇಕು. ಅದಕ್ಕೇ ಹೇಳೋದು, ಮೊದಲು ಹಾಲು, ಆಮೇಲೆ ಬಸ್ಸು. ಹಾಲು ಹಲ್ಲಾದರೆ ವಾಪಸ್ ಕೂರಿಸಬೇಡಿ.

ಹಲ್ಲುಗಳು ಮೊದಲಿನ ಹಾಗೆ ಒಂದರ ಮೇಲೊಂದು ಕೂರುತ್ತಿಲ್ಲ, ಬಾಯಿ ತೆರೆಯೋಕೆ ಆಗುತ್ತಿಲ್ಲ ಅಂದರೆ ದವಡೆ ಮುರಿದಿರಬಹುದು. ತಲೆ ಸುತ್ತು, ವಾಂತಿ, ಮಂಕು ಇದ್ದರೆ ಹಲ್ಲಿನ ಮಾತೇ ಬಿಡಿ, ಆಸ್ಪತ್ರೆಗೆ ಹೊರಡಿ. ಗಾರ್ಡ್ ಹಲ್ಲು ಕಾಯುತ್ತದೆ, ತುಟಿ ಕಾಯುತ್ತದೆ. ಗಾರ್ಡ್ ಹಾಕಿದರೆ ಮಿದುಳಿಗೆ ಏನೂ ಆಗಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಅಲ್ಲಿ ಹಿಂದೆ ನಿಂತ ಉಸ್ತಾದರು ಆಗಲೇ ಒಂದು ಪ್ರಶ್ನೆ ಕೇಳಿದರು, 'ಬಾಯಾಗ ರಬ್ಬರ್ ಇಟ್ಕೊಂಡು ಹುಡುಗ ಹೆಂಗ್ ಉಸಿರಾಡ್ತಾನ್ರೀ?' ಸರಿಯಾದ ಪ್ರಶ್ನೆ. ಮೊದಲ ದಿನ ಉಸಿರಾಡೋಕೆ ಕಷ್ಟವೇ, ಕೆಲವರಿಗೆ ಓಕರಿಕೆಯೂ ಬರುತ್ತದೆ. ಅದಕ್ಕೆ ಮೊದಲ ವಾರ ಬರೀ ಓಡುವಾಗ, ಹಗ್ಗ ಜಿಗಿಯುವಾಗ ಹಾಕಿಸಿ. ಮನೆಯಲ್ಲಿ ಟಿವಿ ನೋಡುವಾಗ ಹಾಕಿಕೊಳ್ಳಲಿ. ಎರಡನೇ ವಾರ ಅದು ಬಾಯಲ್ಲಿದೆ ಅನ್ನೋದೇ ಮರೆತುಹೋಗುತ್ತದೆ. ಆಮೇಲೂ ಉಸಿರು ಕಟ್ಟಿದರೆ ಗಾರ್ಡಿನ ಹಿಂಭಾಗ ಉದ್ದ ಜಾಸ್ತಿ ಇರುತ್ತದೆ, ನನ್ನ ಹತ್ತಿರ ತನ್ನಿ, ನಾನು ಕತ್ತರಿಸಿ ಕೊಡುತ್ತೇನೆ. ನೀವೇ ಬ್ಲೇಡ್ ಹಾಕಬೇಡಿ.

ಇನ್ನೊಬ್ಬ ಅಪ್ಪ ಕೇಳಿದರು, ಎರಡು ವರ್ಷ ಆಟ ನಿಲ್ಲಿಸಿ ಕ್ಲಿಪ್ ಮುಗಿಸಿದರೆ ಆಗಲ್ವಾ ಅಂತ. ಆಗುತ್ತದೆ, ಆದರೆ ಹದಿಮೂರನೇ ವಯಸ್ಸಿನಲ್ಲಿ ಎರಡು ವರ್ಷ ಬಿಟ್ಟ ಮಗು ವಾಪಸ್ ಬರೋದು ಅಪರೂಪ. ನನ್ನ ಅಭಿಪ್ರಾಯ ಕೇಳಿದರೆ, ಅಭ್ಯಾಸ ನಿಲ್ಲಿಸಬೇಡಿ, ಜೋರು ಹೊಡೆದಾಟದ ಪಂದ್ಯ ಬೇಕಾದರೆ ಕೆಲವು ತಿಂಗಳು ಮುಂದೂಡಿ. ಯಾವಾಗ ಎಷ್ಟು ಅನ್ನೋದನ್ನು ನಿಮ್ಮ ಕ್ಲಿಪ್ ಡಾಕ್ಟರ್, ನಿಮ್ಮ ಮಾಸ್ಟರ್ ಇಬ್ಬರನ್ನೂ ಕೂರಿಸಿ ಮಾತಾಡಿ. ಆ ಇಬ್ಬರೂ ಒಬ್ಬರಿಗೊಬ್ಬರು ಫೋನ್ ನಂಬರ್ ಕೊಟ್ಟುಕೊಂಡಿದ್ದು ನಾನು ಇಲ್ಲಿಯವರೆಗೆ ನೋಡಿದ್ದು ಕಡಿಮೆ.

ಗಾರ್ಡ್ ಎಲ್ಲಿಗೆ ಬಂತು? ಕೊನೇ ಸಾಲಿಗಾ? ಆಮೇಲೆ ನನಗೆ ವಾಪಸ್ ಕೊಡಿ. ಕ್ಲಿಪ್ ಹಾಕಿದ ಮಕ್ಕಳು ನಿಮ್ಮ ನಿಮ್ಮ ಗಾರ್ಡ್ ಹಿಡಿದುಕೊಂಡು ಈ ಕಡೆ ಸಾಲು ಮಾಡಿ, ಟಾರ್ಚು, ಕನ್ನಡಿ ತಂದಿದ್ದೇನೆ, ಒಬ್ಬೊಬ್ಬರದೇ ನೋಡುತ್ತೇನೆ. ಕೆಂಪು ಗಾರ್ಡ್ ತಂದವರು ಬಚ್ಚಿಡಬೇಡಿ, ಆಗಲೇ ನೋಡಿದ್ದೇನೆ.